ಅಂಚು ಎಲ್ಲಿ ಹೋಯಿತು?

ಕಳೆದ ದೀಪಾವಳಿ ರಜೆಗೆ ಅಕ್ಕನ ಮಗ ಹೈದರಾಬಾದಿನಿಂದ ಪುಣೆಯ ನಮ್ಮ ಮನೆಗೆ ಬಂದಾಗ, ಬ್ಯಾಗಿನ ಜೊತೆ ಸುರುಳಿ ಸುತ್ತಿದ ಒಂದು ದೊಡ್ಡ ಡ್ರಾಯಿಂಗ್ ಶೀಟನ್ನೂ ತಂದಿದ್ದ. ಹದಿನಾಲ್ಕು ವರ್ಷದ ಹುಡುಗ, ಒಂದು ಕತೆ ಬರೆಯುತ್ತಿದ್ದಾನೆ. ಶೀಟಿನಲ್ಲಿದ್ದದ್ದು ಆ ಕತೆಯ ಲೋಕದ ನಕ್ಷೆ. ನಡುವೆ ಒಂದು ಖಂಡ, ಸುತ್ತ ದ್ವೀಪಗಳು. ಪೂರ್ವದ ಅಂಚಿನಲ್ಲಿ ನಾಯಕಿಯ ಊರು, ಪಶ್ಚಿಮದ ಅಂಚಿನಲ್ಲಿ ಶತ್ರುವಿನ ಕೋಟೆ. ಕೆಳಗೆ ಹಾಳೆಯ ಉದ್ದಕ್ಕೂ ಹಿಮದ ಗೋಡೆ. ಊರಿಂದ ಕೋಟೆಗೆ ಎರಡು ವರ್ಷದ ದಾರಿ, ಅದೇ ಕತೆ.

"ಮಾಮಾ, ಇದು ಗ್ಲೋಬ್ ಆಗಿ ತಿರುಗಬೇಕು. ಆಗ್ತದೇನು?" ಎಂದ.

ನಾನು ಅನುವಾದಕ, ಗ್ರಾಫಿಕ್ಸ್ ಗೊತ್ತಿಲ್ಲ. ಆದರೂ ಬ್ಲೆಂಡರ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ಇಬ್ಬರೂ ಕೂತೆವು. ನಕ್ಷೆಯ ಫೋಟೋ ತೆಗೆದು ಅಗಲ ಎತ್ತರದ ಎರಡರಷ್ಟು ಇರುವಂತೆ ಕತ್ತರಿಸಿದೆವು. ಒಂದು ಗೋಳ ಮಾಡಿ ಅದರ ಮೈಮೇಲೆ ಚಿತ್ರವನ್ನು ಹೊದಿಸಿದೆವು, ತಿರುಗಿಸಿದೆವು. ನಾಲ್ಕು ಎಡವಟ್ಟುಗಳು ಕಂಡವು. ಉತ್ತರದ ಬೆಟ್ಟಸಾಲು ಧ್ರುವದ ಹತ್ತಿರ ಮೋದಕದ ತುದಿಯ ಹಾಗೆ ಹಿಂಡಿಕೊಂಡಿತ್ತು. ಹಾಳೆಯ ಉದ್ದಕ್ಕೂ ಇದ್ದ ಹಿಮದ ಗೋಡೆ ದಕ್ಷಿಣ ಧ್ರುವದ ಸುತ್ತ ಒಂದು ಬಿಲ್ಲೆಯಾಗಿತ್ತು. ಗೋಳ ಉಲ್ಟಾ ತಿರುಗುತ್ತಿತ್ತು, ಅಂದರೆ ಅವನ ಲೋಕದಲ್ಲಿ ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಿದ್ದ. ಇವೆಲ್ಲ ಸರಿ ಮಾಡಬಹುದಾದ ತಪ್ಪುಗಳು. ನಾಲ್ಕನೆಯದು ಹಾಗಲ್ಲ. ಹಾಳೆಯ ಎಡ ಅಂಚು ಬಲ ಅಂಚನ್ನು ಹೋಗಿ ಮುಟ್ಟಿತ್ತು. ನಾಯಕಿಯ ಊರೂ ಶತ್ರುವಿನ ಕೋಟೆಯೂ ಈಗ ಅಕ್ಕಪಕ್ಕ.

"ಅಂದ್ರ ಆಕಿ ಹಿಂದಿನ ಬಾಗಿಲಿಂದ ಹೋದ್ರ ಮೂರು ದಿನದಾಗ ಮುಟ್ಟತಾಳ" ಎಂದು ಹುಡುಗ ಸಪ್ಪೆ ಮುಖ ಮಾಡಿದ.

ಅವನನ್ನು ಸಮಾಧಾನ ಮಾಡಲು ನಾನು ಹೇಳಲು ಹೊರಟ ಕತೆ ಆ ರಾತ್ರಿ ಮುಗಿಯಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಚಪ್ಪಟೆ ಲೋಕವೊಂದನ್ನು ಗೋಳದ ಮೇಲೆ ಸುತ್ತುವ ಕೆಲಸವನ್ನು ನಮ್ಮ ದೇಶದ ಜ್ಯೋತಿಷಿಗಳು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಮಾಡಿದ್ದಾರೆ. ಅವರಿಗೂ ಇದೇ ಎಡವಟ್ಟುಗಳು ಎದುರಾದವು. ಅವರ ಕೈಯಲ್ಲಿದ್ದದ್ದು ಮಾತ್ರ ಹುಡುಗನೊಬ್ಬನ ಕಲ್ಪನೆಯಲ್ಲ, ಕೋಟ್ಯಂತರ ಜನ ನಂಬಿ ಬದುಕಿದ ಲೋಕ.

ಐದು ಕೋಟಿ ಯೋಜನದ ತಟ್ಟೆ

ಮನೆಯಲ್ಲಿ ಪೂಜೆಗೆ ಕೂತು ಸಂಕಲ್ಪ ಮಾಡಿದವರಿಗೆ ಜಂಬೂದ್ವೀಪ ಎಂಬ ಹೆಸರು ಗೊತ್ತು. ಎಲ್ಲಿ ಕೂತು ಈ ಕೆಲಸ ಮಾಡುತ್ತಿದ್ದೇವೆ ಎಂದು ದೇವರಿಗೆ ವಿಳಾಸ ಹೇಳುವಾಗ ಅದು ಬರುತ್ತದೆ. ಆ ವಿಳಾಸದ ಹಿಂದೆ ಒಂದು ಪೂರ್ತಿ ನಕ್ಷೆಯಿದೆ.

ವಿಷ್ಣುಪುರಾಣದ ಲೆಕ್ಕದಲ್ಲಿ ಭೂಮಿ ಒಂದು ಮಹಾ ಮಂಡಲ. ನಟ್ಟನಡುವೆ ಮೇರು, ನೆಲದ ಮೇಲೆ 84,000 ಯೋಜನ, ನೆಲದೊಳಗೆ 16,000 ಯೋಜನ. ಅದರ ಸುತ್ತ ಒಂದು ಲಕ್ಷ ಯೋಜನ ವ್ಯಾಸದ ಜಂಬೂದ್ವೀಪ. ಅದನ್ನು ಬಳೆಯ ಹಾಗೆ ಸುತ್ತಿದ ಉಪ್ಪಿನ ಸಮುದ್ರ. ಅದರಾಚೆ ಪ್ಲಕ್ಷ, ಶಾಲ್ಮಲಿ, ಕುಶ, ಕ್ರೌಂಚ, ಶಾಕ, ಪುಷ್ಕರ ಎಂಬ ಆರು ಬಳೆ ದ್ವೀಪಗಳು. ನಡುನಡುವೆ ಕಬ್ಬಿನ ಹಾಲು, ಮದ್ಯ, ತುಪ್ಪ, ಮೊಸರು, ಹಾಲು, ಸಿಹಿನೀರಿನ ಸಮುದ್ರಗಳು. ಪ್ರತಿ ದ್ವೀಪವೂ ಹಿಂದಿನದರ ಎರಡು ಪಟ್ಟು ಅಗಲ. ಪ್ರತಿ ಸಮುದ್ರವೂ ತಾನು ಸುತ್ತುವ ದ್ವೀಪದಷ್ಟೇ ಅಗಲ. ಕೂಡಿಸಿ ನೋಡಿದರೆ ಸಿಹಿನೀರಿನ ಸಮುದ್ರದ ಹೊರ ಅಂಚಿನವರೆಗೆ ವ್ಯಾಸ 5 ಕೋಟಿ 7 ಲಕ್ಷ ಯೋಜನ. ಅದರಾಚೆ ಬಂಗಾರದ ನೆಲ, ಆಮೇಲೆ ಲೋಕಾಲೋಕ ಪರ್ವತ. ಈಚೆ ಬೆಳಕು, ಆಚೆ ಕತ್ತಲೆ. ನಮ್ಮ ಹುಡುಗನ ಹಿಮದ ಗೋಡೆಯ ಹಿರಿಯಜ್ಜ ಅದು.

ನಂಬುವವರಿಗೆ ಇದು ಪವಿತ್ರ ಭೂಗೋಳ, ನಂಬದವರಿಗೆ ಅದ್ಭುತ ಕಲ್ಪನೆ. ಆಕಾಶ ನೋಡಿ ಗ್ರಹಣದ ಲೆಕ್ಕ ಹಾಕುವವರಿಗೆ ಮಾತ್ರ ಇದೊಂದು ತೊಡಕು. ಚಂದ್ರನ ಮೇಲೆ ಬೀಳುವ ಭೂಮಿಯ ನೆರಳಿನ ಅಂಚು ದುಂಡಗಿರುತ್ತದೆ. ಉತ್ತರಕ್ಕೆ ನಡೆದಷ್ಟೂ ಧ್ರುವನಕ್ಷತ್ರ ಮೇಲೇರುತ್ತದೆ. ಇವಕ್ಕೆ ತಟ್ಟೆಯ ಲೋಕದಲ್ಲಿ ಸುಲಭದ ಉತ್ತರ ಇಲ್ಲ.

84,000 ಯೋಜನದ ಬೆಟ್ಟ ಒಂದು ಯೋಜನಕ್ಕೆ ಇಳಿದದ್ದು

ಕ್ರಿ.ಶ. 499ರ ಲೆಕ್ಕ ಕೊಡುವ 'ಆರ್ಯಭಟೀಯ'ದಲ್ಲಿ ಭೂಮಿ ಗೋಳ, ಅದರ ವ್ಯಾಸ 1,050 ಯೋಜನ. ಕದಂಬದ ಹೂವಿನ ಚೆಂಡಿಗೆ ಎಲ್ಲ ಕಡೆಯಿಂದಲೂ ಕೇಸರಗಳು ಮುತ್ತಿಕೊಂಡಿರುವ ಹಾಗೆ ಈ ಗೋಳದ ಎಲ್ಲ ಕಡೆಯೂ ಜೀವಿಗಳಿವೆ ಎಂಬುದು ಆರ್ಯಭಟನ ಹೋಲಿಕೆ. ಕದಂಬದ ಹೂವನ್ನು ಕೈಯಲ್ಲಿ ಹಿಡಿದವರಿಗೆ ಮೇಲೆ ಯಾವುದು, ಕೆಳಗೆ ಯಾವುದು ಎಂಬ ಪ್ರಶ್ನೆಯೇ ಬರುವುದಿಲ್ಲ.

ಹಾಗಾದರೆ ಮೇರು? ಆರ್ಯಭಟ ಅದನ್ನು ಬಿಡಲಿಲ್ಲ. ರತ್ನಮಯ, ದುಂಡಗಿನದು, ನಂದನವನದ ನಡುವೆ ಇರುವುದು ಎಂಬ ವಿಶೇಷಣಗಳನ್ನೆಲ್ಲ ಹಾಗೇ ಉಳಿಸಿಕೊಂಡ. ಅಳತೆಯನ್ನು ಮಾತ್ರ ಒಂದು ಯೋಜನ ಎಂದ! ಜಾಗವನ್ನೂ ನಿಗದಿ ಮಾಡಿದ. ತಟ್ಟೆಯ ನಡುಬಿಂದು ಗೋಳದಲ್ಲಿ ಉತ್ತರ ಧ್ರುವವಾಯಿತು. ಮೇರುವಿನ ಮೇಲೆ ದೇವತೆಗಳು, ಎದುರು ತುದಿಯ ನೀರಿನಲ್ಲಿ ಬಡವಾಮುಖ ಮತ್ತು ನರಕ. ಇವರಿಗೆ ಅವರು ಕೆಳಗಿದ್ದಾರೆ, ಅವರಿಗೆ ಇವರು ಕೆಳಗಿದ್ದಾರೆ.

ಇಲ್ಲಿ ಒಂದು ಚೆಂದದ ಕೂಡಿಕೆ ಆಗುತ್ತದೆ. ನಮ್ಮ ಒಂದು ವರ್ಷ ದೇವತೆಗಳ ಒಂದು ದಿನ ಎಂಬ ಮಾತು ಹಳೆಯದು. ದೇವತೆಗಳನ್ನು ಉತ್ತರ ಧ್ರುವದಲ್ಲಿ ಕೂರಿಸಿದ ಕೂಡಲೇ ಅದು ರೇಖಾಗಣಿತದ ಸತ್ಯವಾಗುತ್ತದೆ. ಧ್ರುವದಲ್ಲಿ ಸೂರ್ಯ ಆರು ತಿಂಗಳು ಮುಳುಗುವುದಿಲ್ಲ, ಆರು ತಿಂಗಳು ಹುಟ್ಟುವುದಿಲ್ಲ. ಆರ್ಯಭಟ ಇದನ್ನು ಹೇಳುತ್ತಾನೆ. ಹಳೆಯ ಲೋಕದ ಒಂದು ನಂಬಿಕೆ ಹೊಸ ಲೋಕದಲ್ಲಿ ಮೊದಲಿಗಿಂತ ಗಟ್ಟಿಯಾಗಿ ಕೂತಿತು.

ಗೋಳ ತಿರುಗುತ್ತದೆ ಎಂದವನೂ ಅವನೇ. ದೋಣಿಯಲ್ಲಿ ಮುಂದಕ್ಕೆ ಹೋಗುವವನಿಗೆ ದಡದ ಮರಗಳು ಹಿಂದಕ್ಕೆ ಓಡುವಂತೆ ಕಾಣುತ್ತವೆ. ಹಾಗೆಯೇ ನಿಂತ ನಕ್ಷತ್ರಗಳು ಪಶ್ಚಿಮಕ್ಕೆ ಓಡುವಂತೆ ನಮಗೆ ಕಾಣುತ್ತವೆ ಎಂಬುದು ಅವನ ವಿವರಣೆ. ಭೂಮಿ ಒಂದು ಪ್ರಾಣ ಕಾಲದಲ್ಲಿ, ಅಂದರೆ ನಮ್ಮ ನಾಲ್ಕು ಸೆಕೆಂಡಿನಲ್ಲಿ, ಒಂದು ಕಲೆಯಷ್ಟು ತಿರುಗುತ್ತದೆ. ವೃತ್ತಕ್ಕೆ 21,600 ಕಲೆಗಳು, ನಾಲ್ಕರಿಂದ ಗುಣಿಸಿದರೆ 86,400 ಸೆಕೆಂಡು. ಒಂದು ದಿನ.

ಇದು ಆ ಕಾಲಕ್ಕೆ ಅರಗಲಿಲ್ಲ. ಭೂಮಿ ತಿರುಗುವುದಾದರೆ ಹಾರಿಹೋದ ಹಕ್ಕಿ ಗೂಡಿಗೆ ಮರಳುವುದು ಹೇಗೆ ಎಂದು ವರಾಹಮಿಹಿರ ಕೇಳಿದ. 628ರಲ್ಲಿ ಬ್ರಹ್ಮಗುಪ್ತ ಕಟುವಾಗಿ ತಳ್ಳಿಹಾಕಿದ. ಆರ್ಯಭಟನನ್ನು ಗೌರವಿಸುತ್ತಿದ್ದ ವ್ಯಾಖ್ಯಾನಕಾರರಿಗೂ ಮುಜುಗರವಾಯಿತು. ತಿರುಗುವುದು ಯಾವುದು ಎಂಬಲ್ಲಿ ಮೂಲದಲ್ಲಿ 'ಭೂಃ' ಎಂದಿದ್ದದ್ದನ್ನು 'ಭಂ' ಎಂದು ಓದುವ ಪಾಠ ಬಂತು. ಭೂ ಎಂದರೆ ಭೂಮಿ, ಭ ಎಂದರೆ ನಕ್ಷತ್ರ. ಛಂದಸ್ಸು ಕೆಡಲಿಲ್ಲ, ಭೂಮಿ ನಿಂತಿತು, ಆಕಾಶ ತಿರುಗಿತು. ಭಾಷಾವಿಜ್ಞಾನ ಓದುವಾಗ ಪಾಠಭೇದ ಎಂದರೆ ಲಿಪಿಕಾರರ ಕೈತಪ್ಪು ಎಂದುಕೊಂಡಿದ್ದ ನನಗೆ ಈ ಒಂದಕ್ಷರ ಬೇರೆ ಪಾಠ ಕಲಿಸಿತು. ಎಷ್ಟೋ ಸಲ ಅದು ಕೈತಪ್ಪಲ್ಲ, ಮನಸ್ಸಿನ ತಡೆ.

ನೀರಿನಿಂದ ತಿರುಗುವ ಗೋಳ

ತಿರುಗುವ ಗೋಳದ ಮಾದರಿ ಮಾಡುವ ಬಗೆಯೂ ಅದೇ ಗ್ರಂಥದಲ್ಲಿದೆ. ಮರದ್ದು, ಸಮನಾಗಿ ದುಂಡಗಿರಬೇಕು, ಎಲ್ಲ ಕಡೆ ಒಂದೇ ತೂಕವಿರಬೇಕು, ಹಗುರವಾಗಿರಬೇಕು. ಪಾದರಸ, ಎಣ್ಣೆ, ನೀರು ಬಳಸಿ, ಸ್ವಂತ ಬುದ್ಧಿಯನ್ನೂ ಉಪಯೋಗಿಸಿ, ಕಾಲಕ್ಕೆ ಸರಿಯಾಗಿ ತಿರುಗಿಸಬೇಕು. ಇದು ಆಕಾಶದ ಚಲನೆ ತೋರಿಸುವ ಗೋಳ.

ಹೇಗೆ ತಿರುಗಿಸುವುದು ಎಂಬುದನ್ನು ಚೋಳನಾಡಿನ ವ್ಯಾಖ್ಯಾನಕಾರ ಸೂರ್ಯದೇವ ಯಜ್ವ ಬಿಡಿಸಿ ಹೇಳುತ್ತಾನೆ. ಉತ್ತರಕ್ಕೊಂದು ದಕ್ಷಿಣಕ್ಕೊಂದು ಕಂಬ ನೆಟ್ಟು, ಗೋಳದೊಳಗೆ ಹಾಯಿಸಿದ ಕಬ್ಬಿಣದ ಸಲಾಕೆಯ ತುದಿಗಳನ್ನು ಅವುಗಳ ಮೇಲೆ ಕೂರಿಸಬೇಕು. ಸಲೀಸಾಗಿ ತಿರುಗಲು ತೂತುಗಳಿಗೆ ಎಣ್ಣೆ. ಪಶ್ಚಿಮಕ್ಕೆ ಒಂದು ಕೊಳವೆಯಂಥ ಪಾತ್ರೆ, ಗೋಳದ ಸುತ್ತಳತೆ ಎಷ್ಟೋ ಅಷ್ಟು ಆಳ, ತಳದಲ್ಲಿ ಸಣ್ಣ ತೂತು. ಅದರ ತುಂಬ ನೀರು, ನೀರ ಮೇಲೆ ಪಾದರಸ ತುಂಬಿದ ಒಣ ಸೋರೆಬುರುಡೆ. ಬುರುಡೆಗೆ ಕಟ್ಟಿದ ದಾರ ಗೋಳದ ನಡುವನ್ನು ಸುತ್ತಿರಬೇಕು. ತೂತು ಬಿಚ್ಚಿದರೆ ನೀರು ಇಳಿಯುತ್ತದೆ, ಬುರುಡೆ ಇಳಿಯುತ್ತದೆ, ದಾರ ಎಳೆಯುತ್ತದೆ. ಪಾತ್ರೆ ಬರಿದಾಗುವ ಹೊತ್ತಿಗೆ ಗೋಳ ಒಂದು ಸುತ್ತು ಮುಗಿಸುತ್ತದೆ, ಒಂದು ದಿನವೂ ಮುಗಿಯುತ್ತದೆ.

ನೇರ ಗೋಡೆಯ ಪಾತ್ರೆಯಿಂದ ನೀರು ಮೊದಲು ಜೋರಾಗಿ, ಮಟ್ಟ ಇಳಿದಂತೆ ನಿಧಾನವಾಗಿ ಸೋರುತ್ತದೆ. ಹಾಗಾಗಿ ಗೋಳವೂ ಒಂದೇ ವೇಗದಲ್ಲಿ ತಿರುಗದು. ಬ್ಲೆಂಡರ್‌ನಲ್ಲೂ ನಮಗೆ ಇಂಥದೇ ಕಾಟ ಇತ್ತು. ಹತ್ತು ಸೆಕೆಂಡಿಗೆ ಒಂದು ಸುತ್ತು ಎಂದು ಹೇಳಿದರೆ ಅದು ತಾನಾಗಿಯೇ ಮೆಲ್ಲಗೆ ಶುರುವಾಗಿ ಮೆಲ್ಲಗೆ ನಿಲ್ಲುತ್ತಿತ್ತು. ಪ್ರತಿ ಸುತ್ತಿಗೂ ಭೂಮಿ ಬಸ್‌ಸ್ಟಾಪಿನಲ್ಲಿ ನಿಂತು ಹೊರಟಂತೆ. ವೇಗ ಒಂದೇ ಸಮ ಇರಲಿ ಎಂದು ಬೇರೆಯಾಗಿ ಹೇಳಬೇಕಾಯಿತು. ಸ್ವಂತ ಬುದ್ಧಿ ಬಳಸಿ ಎಂದು ಆರ್ಯಭಟ ಯಾಕೆ ಹೇಳಿದ್ದ ಎಂಬುದು ಆಗ ತಿಳಿಯಿತು.

ಭಾಸ್ಕರ ಹೊದಿಸಿದ ಹೊದಿಕೆ

ಪುರಾಣದ ಲೋಕವನ್ನು ಗೋಳದ ಮೇಲೆ ಒಂದೊಂದೇ ಹೆಸರು ಹಿಡಿದು ಕೂರಿಸಿ ತೋರಿಸಿದ ಪ್ರಸಿದ್ಧ ಗ್ರಂಥ ಭಾಸ್ಕರಾಚಾರ್ಯನ 'ಸಿದ್ಧಾಂತ ಶಿರೋಮಣಿ'. ವರ್ಷ 1150, ಅವನಿಗೆ 36 ವಯಸ್ಸು. ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ತನ್ನ ಊರು ಎಂದು ಬರೆದುಕೊಂಡಿದ್ದಾನೆ. ಅದು ನಮ್ಮ ವಿಜಯಪುರವೇ ಎನ್ನುವವರಿದ್ದಾರೆ, ಮಹಾರಾಷ್ಟ್ರದ ಚಾಳೀಸಗಾಂವ್ ಸುತ್ತಿನದು ಎನ್ನುವವರೂ ಇದ್ದಾರೆ. ಚಾಳೀಸಗಾಂವ್ ಹತ್ತಿರದ ಪಾಟಣೆಯಲ್ಲಿ, ಅವನ ಗ್ರಂಥಗಳನ್ನು ಕಲಿಸಲು ಮೊಮ್ಮಗ ಚಾಂಗದೇವ ಮಠ ಸ್ಥಾಪಿಸಿದ್ದನ್ನು ಹೇಳುವ ಶಾಸನವಿದೆ.

ಭಾಸ್ಕರ ಮೊದಲು ತಟ್ಟೆಯನ್ನು ಪ್ರಶ್ನಿಸುತ್ತಾನೆ. ಭೂಮಿ ಕನ್ನಡಿಯಂತೆ ಸಪಾಟಾಗಿದ್ದರೆ ಅದರ ಮೇಲೆ ಸುತ್ತುವ ಸೂರ್ಯ ಯಾವಾಗಲೂ ಕಾಣಬೇಕಲ್ಲ? ಮೇರು ಅಡ್ಡ ಬಂದು ರಾತ್ರಿಯಾಗುತ್ತದೆ ಎಂದರೆ ಆ ಮೇರುವಾದರೂ ಕಾಣಬೇಕಲ್ಲ? ಭೂಮಿಯನ್ನು ಯಾರೋ ಹೊತ್ತಿದ್ದಾರೆ ಎಂದರೆ ಹೊತ್ತವರನ್ನು ಹೊತ್ತವರು ಯಾರು? ಮತ್ತೆ ನಮಗೆ ಸಪಾಟಾಗಿ ಕಾಣುವುದು ಯಾಕೆ? ಸುತ್ತಳತೆಯ ನೂರನೇ ಒಂದು ಭಾಗ ನೋಡಿದರೆ ಅದು ಸಪಾಟಾಗಿಯೇ ಕಾಣುತ್ತದೆ, ಭೂಮಿ ದೊಡ್ಡದು, ಮನುಷ್ಯ ಸಣ್ಣವನು ಎಂದು ಉತ್ತರವನ್ನೂ ಕೊಡುತ್ತಾನೆ.

ಆಮೇಲೆ ಹೊದಿಕೆ. ಉತ್ತರಾರ್ಧಗೋಳ ಇಡಿಯಾಗಿ ಜಂಬೂದ್ವೀಪ. ನಡುಪಟ್ಟಿಯಲ್ಲಿ ಉಪ್ಪಿನ ಸಮುದ್ರ. ಉಳಿದ ಆರು ದ್ವೀಪಗಳೂ ಆರು ಸಮುದ್ರಗಳೂ ದಕ್ಷಿಣಾರ್ಧದಲ್ಲಿ, ಕೊನೆಗೆ ಪುಷ್ಕರ ಮತ್ತು ಸಿಹಿನೀರು. ಸಮಭಾಜಕದ ಮೇಲೆ ತೊಂಬತ್ತು ತೊಂಬತ್ತು ಡಿಗ್ರಿ ಅಂತರದಲ್ಲಿ ನಾಲ್ಕು ಪಟ್ಟಣಗಳು: ಲಂಕೆ, ಯಮಕೋಟಿ, ಸಿದ್ಧಪುರ, ರೋಮಕ. ಲಂಕೆಯಲ್ಲಿ ಸೂರ್ಯೋದಯವಾದಾಗ ಯಮಕೋಟಿಯಲ್ಲಿ ಮಧ್ಯಾಹ್ನ, ಸಿದ್ಧಪುರದಲ್ಲಿ ಸೂರ್ಯಾಸ್ತ, ರೋಮಕದಲ್ಲಿ ನಡುರಾತ್ರಿ. ಈ ಲಂಕೆ ಇಂದಿನ ಶ್ರೀಲಂಕಾ ಅಲ್ಲ. ಉಜ್ಜಯಿನಿಯ ರೇಖಾಂಶ ಸಮಭಾಜಕವನ್ನು ದಾಟುವ ಬಿಂದು ಅದು. ಇವತ್ತಿನ ಭೂಪಟದಲ್ಲಿ ಹುಡುಕಿದರೆ ಅಲ್ಲಿ ಬರೀ ಹಿಂದೂ ಮಹಾಸಾಗರ.

ಅಳತೆಗಳ ಗತಿ ನೋಡಿ. ಭಾಸ್ಕರನ ಭೂಮಿಯ ಸುತ್ತಳತೆ 4,967 ಯೋಜನ, ವ್ಯಾಸ ಸುಮಾರು 1,581. ಪುರಾಣದ ಜಂಬೂದ್ವೀಪ ಒಂದೇ ಅದರ 63 ಪಟ್ಟು ಅಗಲ. ಆಕಾರದ ಕತೆ ಇನ್ನೂ ವಿಚಿತ್ರ. ತಟ್ಟೆಯಲ್ಲಿ ಹೊರಗೆ ಹೋದಷ್ಟೂ ಬಳೆಗಳು ದೊಡ್ಡವಾಗುತ್ತವೆ, ಪುಷ್ಕರವೇ ಎಲ್ಲಕ್ಕಿಂತ ದೊಡ್ಡ ದ್ವೀಪ. ಗೋಳದ ಮೇಲೆ ನಡು ದಾಟಿದ ಮೇಲೆ ಬಳೆಗಳು ಸಣ್ಣವಾಗುತ್ತ ಹೋಗುತ್ತವೆ. ಎಲ್ಲಕ್ಕಿಂತ ಹೊರಗಿದ್ದ ಪುಷ್ಕರ ದಕ್ಷಿಣದ ತುದಿಗೆ ಸೇರಿ ಪುಟ್ಟ ಉಂಗುರವಾಗುತ್ತದೆ. ನಮ್ಮ ಹುಡುಗನ ಹಿಮದ ಗೋಡೆಗೆ ಆದದ್ದೂ ಇದೇ. ಲೋಕದ ಕೊನೆ ಎಂದುಕೊಂಡದ್ದು ಒಂದು ಚುಕ್ಕೆಯೊಳಗೆ ಮಾಯ.

ಹೆಸರು ಉಳಿಸಿಕೊಂಡು ಅಳತೆ ಬಿಟ್ಟುಕೊಡುವುದು ಅವರು ಮಾಡಿಕೊಂಡ ಒಪ್ಪಂದ. ಇದನ್ನು ಅಂಜಿಕೆ ಎನ್ನಬಹುದು, ಜಾಣತನ ಎನ್ನಬಹುದು. ಅನುವಾದಕನಾಗಿ ನನಗೆ ಇದು ಪರಿಚಿತ ಕಷ್ಟ ಅನಿಸುತ್ತದೆ. ಎಲ್ಲವನ್ನೂ ದಾಟಿಸಲು ಆಗುವುದಿಲ್ಲ, ಯಾವುದನ್ನು ಬಿಡಬೇಕು ಎಂದು ಯಾರಾದರೂ ತೀರ್ಮಾನಿಸಬೇಕು. ಅವರು ಬಿಟ್ಟದ್ದು ಅಳೆದು ನೋಡಿದರೆ ಸುಳ್ಳಾಗುವ ಭಾಗವನ್ನು. ಅಳೆಯುವ ದಾರಿಯನ್ನೂ ಭಾಸ್ಕರ ಹೇಳಿಕೊಟ್ಟಿದ್ದಾನೆ. ನೇರ ಉತ್ತರ ದಕ್ಷಿಣಕ್ಕಿರುವ ಎರಡು ಊರು ಹಿಡಿಯಿರಿ. ಅವುಗಳ ಅಕ್ಷಾಂಶದ ವ್ಯತ್ಯಾಸಕ್ಕೆ ಇಷ್ಟು ಯೋಜನವಾದರೆ 360 ಡಿಗ್ರಿಗೆ ಎಷ್ಟು? ತ್ರೈರಾಶಿ, ಅಷ್ಟೇ. ಸಮಭಾಜಕದಿಂದ ಉಜ್ಜಯಿನಿಗೆ ಪರಿಧಿಯ 16ನೇ ಒಂದು ಭಾಗ ಎನ್ನುತ್ತಾನೆ, ಅಂದರೆ 22.5 ಡಿಗ್ರಿ. ಇಂದಿನ ಅಳತೆಯಲ್ಲಿ 23 ಡಿಗ್ರಿಗೆ ಸ್ವಲ್ಪ ಮೇಲೆ. ಯೋಜನದ ಉದ್ದ ಗ್ರಂಥದಿಂದ ಗ್ರಂಥಕ್ಕೆ ಬದಲಾಗುವುದರಿಂದ 4,967ನ್ನು ಕಿಲೋಮೀಟರಿಗೆ ತಿರುಗಿಸಿ ಬೀಗುವುದು ಬೇಡ. ಡಿಗ್ರಿಗೆ ಆ ತೊಂದರೆ ಇಲ್ಲ.

ಕೈಗೆ ಸಿಗುವ ಗೋಳ

ಇಂಥ ಒಂದು ಗೋಳ ವಸ್ತುವಾಗಿಯೇ ಉಳಿದಿದೆ. ಆಕ್ಸ್‌ಫರ್ಡ್‌ನ ವಿಜ್ಞಾನ ಇತಿಹಾಸದ ಮ್ಯೂಸಿಯಂನಲ್ಲಿ 1571ನೇ ಇಸವಿಯ, ಕ್ಷೇಮಕರ್ಣ ಎಂಬವನು ಮಾಡಿದ ಲೋಹದ 'ಭೂಗೋಲ' ಇದೆ. ಪುರಾಣದ ಲೋಕವನ್ನು ದುಂಡು ಮೈಯ ಮೇಲೆ ಕೊರೆದಿದ್ದಾನೆ. ನಡುವಿನಲ್ಲಿ ಎರಡು ಹೋಳಾಗಿ ತೆರೆದುಕೊಳ್ಳುವ ಭರಣಿಯಂಥ ವಸ್ತು ಅದು. ಯಾರದೋ ಮನೆಯಲ್ಲಿ ಕೈಯಿಂದ ಕೈಗೆ ದಾಟಿ, ಇಡೀ ಲೋಕ ಮುಚ್ಚಳ ತೆಗೆದು ಹಾಕುವ ಡಬ್ಬಿಯಾಗಿತ್ತು ಎಂದು ನೆನೆದರೆ ಖುಷಿಯಾಗುತ್ತದೆ.

ಕಲ್ಪನೆಯನ್ನು ಗೋಳಕ್ಕೆ ಹೊದಿಸಿದವರು ನಾವಷ್ಟೇ ಅಲ್ಲ. ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ 1492ರ ಮಾರ್ಟಿನ್ ಬೆಹೈಮನ ಗ್ಲೋಬ್ ಇದೆ. ಅದರಲ್ಲಿ ಅಮೆರಿಕ ಇಲ್ಲ, ಆದರೆ ಸಂತ ಬ್ರೆಂಡನ್ನನ ದ್ವೀಪ, ಆಂಟಿಲಿಯಾ ಎಂಬ ಇಲ್ಲದ ದ್ವೀಪಗಳಿವೆ. ಧ್ರುವದ ಹಿಂಡಿಕೆಗೆ ಯುರೋಪಿನ ಗ್ಲೋಬ್ ಕಸುಬಿನವರು ಕಂಡುಕೊಂಡ ಉಪಾಯ, ನಕ್ಷೆಯನ್ನು ಕಿತ್ತಳೆಯ ಸಿಪ್ಪೆಯ ಎಸಳುಗಳ ಹಾಗೆ ಎರಡೂ ತುದಿ ಚೂಪಾದ ಪಟ್ಟಿಗಳಾಗಿ ಮುದ್ರಿಸಿ ಗೋಳಕ್ಕೆ ಅಂಟಿಸುವುದು. 1507ರಲ್ಲಿ ವಾಲ್ಡ್‌ಸೀಮ್ಯುಲರ್ ಮುದ್ರಿಸಿದ್ದು ಹನ್ನೆರಡು ಎಸಳು. ಇದಕ್ಕೆ ಕಾರಣ ಸರಳ. 60 ಡಿಗ್ರಿ ಅಕ್ಷಾಂಶದಲ್ಲಿ ಭೂಮಿಯ ಸುತ್ತು ಸಮಭಾಜಕದ ಅರ್ಧದಷ್ಟೇ, ಧ್ರುವದಲ್ಲಿ ಸೊನ್ನೆ. ಹಾಳೆ ಮಾತ್ರ ಮೇಲಿಂದ ಕೆಳಗಿನವರೆಗೆ ಒಂದೇ ಅಗಲ. ನಾವೂ ಕೊನೆಗೆ ಉತ್ತರದ ಬೆಟ್ಟಗಳನ್ನು ಅಡ್ಡಡ್ಡ ಎಳೆದು ಅಗಲ ಮಾಡಿ ಬರೆದೆವು. ಹಾಳೆಯಲ್ಲಿ ಸೊಟ್ಟ, ಗೋಳದಲ್ಲಿ ನೆಟ್ಟಗೆ.

ಸಿಹೋರಿನ ಪಾಠಶಾಲೆ

ಭಾಸ್ಕರನಾದ ಮೇಲೂ ತಟ್ಟೆ ಹೋಗಲಿಲ್ಲ. ಪಂಚಾಂಗದವರು ಗೋಳದಲ್ಲಿ ಲೆಕ್ಕ ಹಾಕಿದರು, ಪುರಾಣ ಪ್ರವಚನದಲ್ಲಿ ತಟ್ಟೆ ಮುಂದುವರಿಯಿತು. ಹೆಸರುಗಳು ಒಂದೇ ಆಗಿದ್ದರಿಂದ ಎರಡೂ ಬೇರೆ ಎಂಬುದೇ ಬಹಳ ಜನರಿಗೆ ಕಾಣಲಿಲ್ಲ. ಆ ಒಪ್ಪಂದಕ್ಕೆ ತೆತ್ತ ಬೆಲೆ ಅದು.

1830ರ ದಶಕದಲ್ಲಿ ಭೋಪಾಲದ ಹತ್ತಿರದ ಸಿಹೋರಿನಲ್ಲಿ ಬ್ರಿಟಿಷ್ ಅಧಿಕಾರಿ ಲ್ಯಾನ್ಸೆಲಾಟ್ ವಿಲ್ಕಿನ್‌ಸನ್ ಸ್ಥಳೀಯ ಶಾಲೆಯಲ್ಲಿ ಖಗೋಳ ಕಲಿಸಲು ಹೊರಟ. ಕೋಪರ್ನಿಕಸ್‌ನನ್ನು ನೇರವಾಗಿ ತರುವ ಬದಲು ಸಿದ್ಧಾಂತ ಗ್ರಂಥಗಳನ್ನೇ ಮೆಟ್ಟಿಲು ಮಾಡಿಕೊಳ್ಳಬೇಕು ಎಂಬುದು ಅವನ ವಾದ. 1834ರಲ್ಲಿ ಹಾಗೆಂದು ಲೇಖನವನ್ನೂ ಬರೆದ. ಜೊತೆಗೆ ನಿಂತವರಲ್ಲಿ ಪಂಡಿತ ಸುಬಾಜಿ ಬಾಪು ಒಬ್ಬರು. ಅವರು ಮರಾಠಿಯಲ್ಲಿ 'ಸಿದ್ಧಾಂತ ಶಿರೋಮಣಿ ಪ್ರಕಾಶ' ಬರೆದರು, ಓಂಕಾರ ಭಟ್ಟರು ಹಿಂದಿಯಲ್ಲಿ 'ಭೂಗೋಲಸಾರ' ಬರೆದರು. ವಿಲ್ಕಿನ್‌ಸನ್‌ಗೆ ತನ್ನ ಆಳ್ವಿಕೆಯ ಹಿತವೂ ಇತ್ತು, ಅದನ್ನು ಮರೆಯಬೇಕಿಲ್ಲ. ಆದರೆ ಪಂಡಿತರ ಪಾಲಿಗೆ ಇದು ಹೊರಗಿನ ಮಾತಿಗೆ ತಲೆಬಾಗುವ ಪ್ರಶ್ನೆಯಾಗಿರಲಿಲ್ಲ. ತಮ್ಮದೇ ಗ್ರಂಥದಲ್ಲಿ ಏಳುನೂರು ವರ್ಷದಿಂದ ಇದ್ದ ಗೋಳವನ್ನು ಹೊರತೆಗೆದು ಅವರು ತಮ್ಮವರ ಮುಂದೆ ಇಟ್ಟರು. ಆರ್ಯಭಟ ಮೇರುವಿನ ಹೆಸರನ್ನೇ ಕಿತ್ತು ಎಸೆದಿದ್ದರೆ ಆ ಮೆಟ್ಟಿಲು ಅಷ್ಟು ಸುಲಭಕ್ಕೆ ಸಿಗುತ್ತಿರಲಿಲ್ಲ ಎಂದು ನನಗನಿಸುತ್ತದೆ.

ಆ ಗೋಳ ಈಗ ನಮ್ಮ ಮಾತಿನಲ್ಲೇ ಇದೆ. ಜಿಯಾಗ್ರಫಿ ಎಂಬ ಗ್ರೀಕ್ ಮೂಲದ ಪದಕ್ಕೆ ಭೂಮಿಯ ಬರಹ ಎಂದಷ್ಟೇ ಅರ್ಥ, ಅದರಲ್ಲಿ ಆಕಾರದ ಸುದ್ದಿಯಿಲ್ಲ. ನಮ್ಮಲ್ಲಿ ಪಾಠದ ಹೆಸರೇ ಭೂಗೋಳ. ಮರಾಠಿ, ಹಿಂದಿಯವರಿಗೆ ಭೂಗೋಲ, ತೆಲುಗರಿಗೆ ಭೂಗೋಳ ಶಾಸ್ತ್ರ. ಭೂಮಿ ದುಂಡಗಿದೆ ಎಂದು ಮೇಷ್ಟ್ರು ಹೇಳುವ ಮೊದಲೇ ಪುಸ್ತಕದ ರಟ್ಟು ಹೇಳಿರುತ್ತದೆ. ಹಾಗಿದ್ದೂ ನಾವು ಜಗತ್ತಿನ ಮೂಲೆಮೂಲೆ ಎನ್ನುತ್ತೇವೆ, ಗೋಳಕ್ಕೆ ಮೂಲೆ ಎಲ್ಲಿಂದ ಬಂತೋ!

ಇಷ್ಟನ್ನೂ ಹುಡುಗನಿಗೆ ಎರಡು ರಾತ್ರಿ ಹೇಳಿದೆ. ಟೋಲ್ಕಿನ್ ಕೂಡ ತನ್ನ ಲೋಕ ಮೊದಲು ಚಪ್ಪಟೆಯಾಗಿತ್ತು, ನ್ಯೂಮೆನೋರ್ ಮುಳುಗಿದಾಗ ದುಂಡಗಾಯಿತು ಎಂದು ಕತೆ ಕಟ್ಟಿದ್ದಾನೆ ಎಂದಾಗ ಮಾತ್ರ ಅವನ ಕಿವಿ ನೆಟ್ಟಗಾಯಿತು. ಮಾರನೇ ದಿನ ಬೆಳಿಗ್ಗೆ ಚಹಾ ಹೊತ್ತಿಗೆ ತೀರ್ಮಾನ ಹೇಳಿದ. ನಕ್ಷೆ ಬದಲಿಸುವುದಿಲ್ಲ. ಅವನ ಲೋಕದಲ್ಲಿ ಯಾರಿಗೂ ತಮ್ಮ ಭೂಮಿ ದುಂಡಗಿದೆ ಎಂದು ಗೊತ್ತಿಲ್ಲ. ಎರಡು ವರ್ಷ ನಡೆದು ಕೋಟೆ ಮುಟ್ಟಿದ ನಾಯಕಿ ಅದರ ಹಿಂಬದಿಯ ಕಡಲಿನಲ್ಲಿ ತನ್ನ ಊರಿನ ಮೀನುಗಾರರ ದೋಣಿಯೊಂದು ಬರುವುದನ್ನು ನೋಡುತ್ತಾಳೆ.

ಹೈದರಾಬಾದಿಗೆ ಹೋದ ಮೇಲೆ ಒಂದು ಭಾನುವಾರ ಫೋನ್ ಮಾಡಿದ್ದ. "ಮಾಮಾ, ದೋಣಿ ಮೂರು ದಿನದಾಗ ಮುಟ್ಟಬೇಕಂದ್ರ ನನ್ನ ಭೂಮಿ ಸುತ್ತಳತಿ ಎಷ್ಟಿರಬೇಕು?" ಕತೆಯಲ್ಲಿ ಉತ್ತರ ದಕ್ಷಿಣಕ್ಕೆ ನೇರವಾಗಿರುವ ಎರಡು ಊರು ಯಾವುವು ಎಂದು ಕೇಳಿದೆ. ಒಂದು ನಿಮಿಷ ಸುಮ್ಮನಿದ್ದ. ಶೀಟು ಬಿಚ್ಚುವ ಸದ್ದು ಕೇಳಿಸಿತು.